ಬಿಎ ಆದ ಮೇಲೆ ಘಟ್ಟ ಇಳಿಯಲೇಬೇಕಾ?

"ಬಿಎ ಮಾಡಿ ಏನ್ ಮಾಡ್ತೀಯಾ?" ಹೋದ ವರ್ಷ ಮಡಿಕೇರಿಯ ಒಂದು ಮದುವೆ ಊಟದಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಯಾರೋ ಕೇಳಿದರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಫಸ್ಟ್ ಕ್ಲಾಸ್ ತೆಗೆದವಳು. ಉತ್ತರ ಹೇಳದೆ ಎಲೆ ಮೇಲಿನ ಅನ್ನ ಕಲಸುತ್ತಾ ಕೂತಳು. ಅವಳ ಅಜ್ಜನೂ ಬಿಎ. ಆಗ ಅವರನ್ನು ಹೀಗೆ ಯಾರೂ ಕೇಳಿರಲಿಲ್ಲ.

ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಇವತ್ತು ಅದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು. ಅದಕ್ಕೂ ಮೊದಲು ಡಿಗ್ರಿ ಬೇಕೆಂದರೆ ಮಂಗಳೂರು, ಮೈಸೂರು, ಮದ್ರಾಸಿನ ದಾರಿ ಹಿಡಿಯಬೇಕಿತ್ತು. ಕಾರ್ಯಪ್ಪನವರೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರೇ.

1950ರ ದಶಕದ ಮೊದಲಲ್ಲಿ ಕೊಡಗು ಪ್ರತ್ಯೇಕ ರಾಜ್ಯ. 24 ಶಾಸಕರ ಪುಟ್ಟ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಮಡಿಕೇರಿಯೇ ರಾಜಧಾನಿ. ರಾಜ್ಯ ಚಿಕ್ಕದಾದರೂ ಕಚೇರಿಗಳು ಬೇಕೇ ಬೇಕಲ್ವಾ? ಕಡತ ಬರೆಯುವವರು, ಲೆಕ್ಕ ನೋಡುವವರು, ಶಾಲೆಗೆ ಮೇಷ್ಟ್ರು, ಎಲ್ಲರೂ ಬೇಕಿತ್ತು. ಓದಿದವರು ಕಡಿಮೆ, ಕೆಲಸ ಮನೆ ಹತ್ತಿರ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದರಿಂದ ಬಂದ ಒಳ್ಳೆಯದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಎ ಓದಿದವರ ಪಾಲಿಗೆ ಒಂದು ದೊಡ್ಡ ವ್ಯತ್ಯಾಸವಾಯಿತು. ರಾಜಧಾನಿ ಬೆಂಗಳೂರಾಯಿತು. ಸರ್ಕಾರಿ ಕೆಲಸಕ್ಕೆ ಇಡೀ ರಾಜ್ಯದ ಹುಡುಗರ ಜೊತೆ ಪೈಪೋಟಿ ಶುರುವಾಯಿತು. ಕೊಡಗು ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಚಿಲ್ಲರೆ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಖಾಲಿ ಬೀಳುವ ಹುದ್ದೆಗಳೂ ಅಷ್ಟಕ್ಕಷ್ಟೇ.

ಸೇನೆಯ ಬಾಗಿಲು ಮಾತ್ರ ತೆರೆದೇ ಇತ್ತು. ಸಿಡಿಎಸ್ ಪರೀಕ್ಷೆ ಬರೆದು ಭೂಸೇನೆಯ ಅಧಿಕಾರಿಯಾಗಲು ಬಿಎ ಸಾಕು. 1992ರ ನಂತರ ಹೆಣ್ಣುಮಕ್ಕಳಿಗೂ ಚೆನ್ನೈನ ತರಬೇತಿ ಅಕಾಡೆಮಿಗೆ ದಾರಿಯಾಯಿತು. ಆದರೆ ಸೇನೆಯ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ ದಾಟುವವರು ಬೆರಳೆಣಿಕೆಯಷ್ಟು. ಉಳಿದವರ ಕಥೆ ಏನು?

ಉಳಿದವರನ್ನು ಕಾಪಾಡಿದ್ದು ತೋಟ. ಇದನ್ನು ನಾವು ಬಾಯಿಬಿಟ್ಟು ಹೇಳುವುದು ಕಡಿಮೆ. ಸ್ವಲ್ಪ ಜಮೀನಿದ್ದ ಮನೆಯಲ್ಲಿ ಮಗ ಬಿಎ ಮುಗಿಸಿ ಬಂದರೆ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಬೆಳೆ ಹಾಕಿದರೆ ಕಂತು ಕಂತಾಗಿ ದುಡ್ಡು ಬರುತ್ತಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹೋಗಿ ಮುಕ್ತ ಮಾರುಕಟ್ಟೆ ಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾದಾಗ ಇಲ್ಲಿ ಕಾಫಿಗೆ ಬಂಗಾರದ ಬೆಲೆ ಬಂತು. ಆಗ ಕೆಲಸ ಬಿಟ್ಟು ತೋಟಕ್ಕೆ ಬಂದವರನ್ನು ನಾನೇ ನೋಡಿದ್ದೇನೆ. ಅವರು ನೆಲೆಯೂರುವ ಮೊದಲೇ, 2000ದ ಆಸುಪಾಸಿನಲ್ಲಿ, ಬೆಲೆ ನೆಲಕಚ್ಚಿತು. ಕೂಲಿ ಕೊಡಲೂ ಸಾಲ ಮಾಡಬೇಕಾಯಿತು.

ಅದೇ ಹೊತ್ತಿಗೆ ಬೆಂಗಳೂರಿನ ಕಾಲ್ ಸೆಂಟರ್‌ಗಳು ಕರೆದವು. ಯಾವ ಡಿಗ್ರಿ ಅಂತ ಕೇಳುತ್ತಿರಲಿಲ್ಲ, ಇಂಗ್ಲಿಷ್ ಬಂದರೆ ಸಾಕು. ಕಾನ್ವೆಂಟ್ ಓದಿದ ಕೊಡಗಿನ ಮಕ್ಕಳು ಗುಂಪುಗುಂಪಾಗಿ ಹೋದರು. ಊರಲ್ಲಿ ಉಳಿದವರಲ್ಲಿ ಕೆಲವರು ಹೋಂಸ್ಟೇ ಹಾಕಿದರು. 2018ರ ಆಗಸ್ಟಿನ ಭೂಕುಸಿತ ಆ ಆದಾಯವನ್ನೂ ಅಲುಗಾಡಿಸಿತು.

ತೋಟ ಇಲ್ಲದವರ ಮಾತು ಬೇರೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬೆಳೆದು, ಸರ್ಕಾರಿ ಬಸ್ಸಿನಲ್ಲಿ ಓಡಾಡಿ, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮಾಡಿದವರು ಈಗ ತರಗತಿಗಳಲ್ಲಿ ಇದ್ದಾರೆ. ಅವರಿಗೆ ಹಿಂತಿರುಗಲು ತೋಟವಿಲ್ಲ. ಬಿಎ ಬಗ್ಗೆ ಮಾತಾಡುವಾಗ ಇವರನ್ನು ಮರೆತರೆ ತಪ್ಪಾಗುತ್ತದೆ.

ಮೇಷ್ಟ್ರಾಗೋಣ ಅಂದರೆ ಆ ದಾರಿಯೂ ಉದ್ದವಾಗಿದೆ. 2015ರಿಂದ ಬಿಎಡ್ ಎರಡು ವರ್ಷ. ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಆಮೇಲೆ ನೇಮಕಾತಿಗೆ ಕಾಯುವುದು. ಡಿಗ್ರಿಯ ಅವಧಿಯೂ ನಿಂತಲ್ಲಿ ನಿಲ್ಲಲಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಮಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ, ಅದನ್ನು ಮುಚ್ಚುವ ಮಾತೂ ಎದ್ದಿತು. ಜಿಲ್ಲೆಯ ಮಕ್ಕಳಿಗೆ ಎಂಎ ಹತ್ತಿರದಲ್ಲೇ ಸಿಗಲಿ ಎಂದು ಆಸೆಪಟ್ಟ ನನಗೆ ಆ ಸುದ್ದಿ ತುಂಬಾ ನೋವು ಕೊಟ್ಟಿತು.

2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆಯಲ್ಲಿ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅರ್ಜಿ ಫೀಸಿಗೆ, ಪುಸ್ತಕಕ್ಕೆ, ಪರೀಕ್ಷೆಗೆಂದು ಮೈಸೂರಿಗೆ ಹೋಗಿಬರುವ ಖರ್ಚಿಗೆ ಅದು ನಿಜಕ್ಕೂ ಆಸರೆ. ರೈಲೇ ಇಲ್ಲದ ಜಿಲ್ಲೆ ನಮ್ಮದು. ಬೆಳಗ್ಗೆ ಹತ್ತಕ್ಕೆ ಪರೀಕ್ಷೆ ಅಂದರೆ ಹಿಂದಿನ ದಿನವೇ ಹೊರಡಬೇಕು.

ಪಕ್ಕದ ಮನೆ ಹುಡುಗಿ ಬಿಎಡ್ ಕೂಡ ಮುಗಿಸಿದ್ದಳು. ಈ ವರ್ಷ ಹತ್ತಿರದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾದಳು. ಜೂನ್ ಮಳೆಯಲ್ಲಿ ಕೊಡೆ ಹಿಡಿದು ಬೆಳಗಿನ ಬಸ್ಸಿಗೆ ನಿಲ್ಲುತ್ತಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಸಮಾಜ ವಿಜ್ಞಾನದ ಪುಸ್ತಕ, ಅದರಡಿಯಲ್ಲಿ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಪರೀಕ್ಷೆಯ ಗೈಡು. ಮಕ್ಕಳಿಗೆ ಅವಳ ಪಾಠ ಬಹಳ ಇಷ್ಟ ಎಂದು ನಮ್ಮ ಬೀದಿಯ ಹುಡುಗರು ಹೇಳುತ್ತಾರೆ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವ ಹೊತ್ತಿಗೆ ಅವಳ ಕೆಲಸ ಮುಗಿಯಿತು. ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು.