ಸಾಮಾಜಿಕ ಉದ್ಯಮಿ: ಪದ ಪರಿಚಯ

‘ಸಾಮಾಜಿಕ ಉದ್ಯಮಿ’ ಎಂಬ ಮಾತನ್ನು ಕೇಳಿದ ಕೂಡಲೇ, ಕಾರ್ಖಾನೆಯ ಒಡೆಯರೊಬ್ಬರು ಲಾಭದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಶಾಲೆಗೆ ಬೆಂಚು ಕೊಡಿಸುತ್ತಿರುವ ಚಿತ್ರ ಕಣ್ಣ ಮುಂದೆ ಬರುವುದುಂಟು. ಇಂದಿನ ಕನ್ನಡದಲ್ಲಿ ಉದ್ಯಮಿ ಎಂದರೆ ಬಂಡವಾಳ ಹೂಡಿ ಲಾಭ ಗಳಿಸುವವರು ಎಂಬ ಅರ್ಥವೇ ಬೇರೂರಿರುವುದು ಇದಕ್ಕೆ ಕಾರಣ. ಆದರೆ ಸಂಸ್ಕೃತದ ‘ಉದ್ಯಮ’ಕ್ಕೆ ಪ್ರಯತ್ನ, ಪರಿಶ್ರಮ ಎಂಬುದು ಹಳೆಯ ಅರ್ಥ, ಇಂಗ್ಲಿಷಿನವರು ಫ್ರೆಂಚಿನಿಂದ ಪಡೆದ ‘ಆಂತ್ರಪ್ರನರ್’ ಪದದ ಮೂಲ ಕ್ರಿಯಾಪದಕ್ಕೂ ‘ಕೈಗೆತ್ತಿಕೊಳ್ಳು’ ಎಂದೇ ಅರ್ಥ. ಈ ಜೋಡಿಪದವನ್ನು ಲಾಭದ ಕಡೆಯಿಂದಲ್ಲದೆ ಪ್ರಯತ್ನದ ಕಡೆಯಿಂದ ಬಿಡಿಸಿಕೊಳ್ಳುವುದು ಒಳ್ಳೆಯದು. ಸಮಾಜದ ಒಂದು ಕೊರತೆ ಏಕೆ ಉಳಿದುಬಂದಿದೆ ಎಂಬುದನ್ನು ಅರಿತು, ಅದನ್ನು ನೀಗಲು ಹೊಸದೊಂದು ದಾರಿಯನ್ನು ಕಟ್ಟಿ, ಆ ದಾರಿ ನಿಲ್ಲದೆ ಮುಂದುವರಿಯುವಂತೆ ನೋಡಿಕೊಳ್ಳುವವರೇ ಸಾಮಾಜಿಕ ಉದ್ಯಮಿಗಳು.

ನೈಜೀರಿಯಾದ ಅಬಿಸೊಯೆ ಅಜಾಯಿ-ಅಕಿನ್‌ಫೊಲಾರಿನ್ ಅವರ ಕೆಲಸ ಇದಕ್ಕೆ ತಕ್ಕ ಉದಾಹರಣೆ. ತಂತ್ರಜ್ಞಾನ ಕ್ಷೇತ್ರದಲ್ಲಿ ಉದ್ಯೋಗದಲ್ಲಿದ್ದ ಅವರು, ಆ ಕ್ಷೇತ್ರದಲ್ಲಿ ಹೆಂಗಸರು ಎಷ್ಟು ವಿರಳ ಎಂಬುದನ್ನು ಕಂಡು, 2012ರಲ್ಲಿ ಕೆಲಸ ಬಿಟ್ಟು ‘ಪರ್ಲ್ಸ್ ಆಫ್ರಿಕಾ’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ‘ಗರ್ಲ್ಸ್ ಕೋಡಿಂಗ್’ ತರಗತಿಗಳಲ್ಲಿ 10ರಿಂದ 17 ವರ್ಷದ ಬಡ ಹುಡುಗಿಯರು ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಪೈಥಾನ್ ಮುಂತಾದ, ಜಾಲತಾಣ ಮತ್ತು ತಂತ್ರಾಂಶಗಳನ್ನು ಬರೆಯುವ ಕಂಪ್ಯೂಟರ್ ಭಾಷೆಗಳನ್ನು ಶುಲ್ಕವಿಲ್ಲದೆ ಕಲಿಯುತ್ತಾರೆ. ಅವರಲ್ಲಿ ಕೆಲವರು ಬರುವುದು ಲಾಗೋಸ್ ನಗರದ ಮಕೊಕೊದಿಂದ. ಹಿನ್ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಮನೆಗಳ, ದೋಣಿಯೇ ಬೀದಿಯಾದ ಕೊಳೆಗೇರಿ ಅದು. ಅಲ್ಲಿನ ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಅದನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಆ ಕೇರಿಯ ಹುಡುಗಿಯೊಬ್ಬಳು, ಬೆಸ್ತರಿಂದಲೇ ಗ್ರಾಹಕರು ನೇರವಾಗಿ ಮೀನು ಕೊಳ್ಳಲು ಅನುವಾಗುವಂತೆ ‘ಮಕೊಕೊ ಫ್ರೆಶ್’ ಎಂಬ ಜಾಲತಾಣವನ್ನು ರೂಪಿಸಿದಳು. ಕಂಪ್ಯೂಟರುಗಳನ್ನು ಹಂಚಿ ಬಂದಿದ್ದರೆ ಅದು ದಾನವಷ್ಟೇ ಆಗುತ್ತಿತ್ತು. ಕಲಿತವಳು ತನ್ನ ಕೇರಿಯ ವ್ಯಾಪಾರದ ಕ್ರಮವನ್ನೇ ಬದಲಿಸಲು ಹೊರಟಲ್ಲಿ ಉದ್ಯಮದ ಗುಣ ಕಾಣಿಸುತ್ತದೆ. 2018ರಲ್ಲಿ ಸಿಎನ್‌ಎನ್ ವಾಹಿನಿ ಅಬಿಸೊಯೆ ಅವರನ್ನು ವರ್ಷದ ಹತ್ತು ‘ಹೀರೋ’ಗಳಲ್ಲಿ ಒಬ್ಬರೆಂದು ಆರಿಸಿತು.

ಈ ಪದವನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಮುಖ್ಯರು, ಸಾಮಾಜಿಕ ಉದ್ಯಮಿಗಳಿಗೆ ಬೆಂಬಲ ನೀಡುವ ‘ಅಶೋಕ’ ಸಂಸ್ಥೆಯನ್ನು 1980ರಲ್ಲಿ ಕಟ್ಟಿದ ಅಮೆರಿಕದ ಬಿಲ್ ಡ್ರೇಟನ್; ಸಂಸ್ಥೆಯ ಹೆಸರು ನಮ್ಮ ಮೌರ್ಯ ಚಕ್ರವರ್ತಿಯದೇ. ಮೀನು ಕೊಡುವುದರಿಂದಲೋ ಮೀನು ಹಿಡಿಯಲು ಕಲಿಸುವುದರಿಂದಲೋ ಇಂಥವರಿಗೆ ತೃಪ್ತಿಯಿಲ್ಲ, ಮೀನುಗಾರಿಕೆಯನ್ನೇ ಬದಲಿಸುವವರೆಗೆ ಅವರು ಸುಮ್ಮನಿರುವುದಿಲ್ಲ ಎಂಬುದು ಡ್ರೇಟನ್ ಅವರ ಪ್ರಸಿದ್ಧ ಮಾತು. ಉಪಮೆಯಾಗಿ ಹೇಳಿದ ಆ ಮಾತು ಮಕೊಕೊದಲ್ಲಿ ಅಕ್ಷರಶಃ ಹೊಂದಿಕೊಂಡದ್ದು ಸೋಜಿಗವೇ ಸರಿ.

ಪದದ ವ್ಯಾಪ್ತಿಯ ಬಗ್ಗೆ ಒಮ್ಮತವಿಲ್ಲ. ಸ್ವಂತ ಗಳಿಕೆಯಿಂದ ನಡೆಯುವ ಸಂಸ್ಥೆಗೆ ಮಾತ್ರ ಈ ಹೆಸರು ಸಲ್ಲಬೇಕೆಂದು ಕೆಲವರು ವಾದಿಸಿದರೆ, ಹಣ ದೇಣಿಗೆಯಿಂದ ಬಂದರೂ ವಿಧಾನ ಹೊಸದಾಗಿದ್ದರೆ ಸಾಕೆಂದು ಇನ್ನು ಕೆಲವರು ಹೇಳುತ್ತಾರೆ. ಬಡವರಿಗೆ ಕಿರುಸಾಲ ನೀಡುವ ಗ್ರಾಮೀಣ ಬ್ಯಾಂಕನ್ನು ಕಟ್ಟಿದ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಬಳಸುವ ‘ಸಾಮಾಜಿಕ ವ್ಯವಹಾರ’ ಎಂಬ ಪದ ಇದಕ್ಕಿಂತ ಕಿರಿದು: ಅಲ್ಲಿ ಸಂಸ್ಥೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು, ಹೂಡಿದವರು ಹಾಕಿದ ಹಣವನ್ನು ಹಿಂಪಡೆಯಬಹುದೇ ಹೊರತು ಲಾಭಾಂಶವನ್ನಲ್ಲ. ಆ ಅಳತೆಗೋಲಿನಿಂದ ನೋಡಿದರೆ ಶುಲ್ಕವಿಲ್ಲದೆ ಕೋಡಿಂಗ್ ಕಲಿಸುವ ತರಗತಿ ಹೊರಗುಳಿಯುತ್ತದೆ. ನನಗೆ ಮಾತ್ರ ಎರಡನೆಯ ವಾದವೇ ಸರಿಯೆನಿಸುತ್ತದೆ, ಏಕೆಂದರೆ ಹತ್ತು ವರ್ಷದ ಹುಡುಗಿಯಿಂದ ಶುಲ್ಕ ಪಡೆದೇ ತೀರಬೇಕೆಂದರೆ ಯಾರಿಗಾಗಿ ಆ ತರಗತಿ ಹುಟ್ಟಿತೋ ಅವಳೇ ಹೊಸ್ತಿಲಾಚೆ ನಿಲ್ಲಬೇಕಾಗುತ್ತದೆ.