ಪದ ಪರಿಚಯ: ಲೆಗಸಿ ಸೀಕ್ವೆಲ್

ಒಂದು ಚಿತ್ರ ತೆರೆಕಂಡು ಹಲವು ವರ್ಷಗಳಾದ ಮೇಲೆ, ಕೆಲವೊಮ್ಮೆ ಒಂದು ತಲೆಮಾರೇ ಉರುಳಿದ ಮೇಲೆ, ಅದೇ ಕಥಾಲೋಕವನ್ನು ಮತ್ತೆ ತೆರೆದು, ಹಳೆಯ ನಾಯಕನನ್ನು ಅದೇ ನಟನ ಮೂಲಕ ನೆರೆಗೂದಲಿನೊಂದಿಗೆ ಕರೆತಂದು, ಕಥೆಯ ಭಾರವನ್ನು ಮಾತ್ರ ಹೊಸ ಪೀಳಿಗೆಯ ಹೆಗಲಿಗೆ ದಾಟಿಸುವ ಚಿತ್ರವನ್ನು ‘ಲೆಗಸಿ ಸೀಕ್ವೆಲ್’ ಎಂದು ಕರೆಯುತ್ತಾರೆ. ಅಮೆರಿಕದ ವಿಮರ್ಶಕ ಮ್ಯಾಟ್ ಸಿಂಗರ್ 2015ರಲ್ಲಿ ಎರಡೂ ಪದಗಳನ್ನು ಬೆಸೆದು ‘ಲೆಗಸಿಕ್ವೆಲ್’ ಎಂಬ ರೂಪವನ್ನು ಟಂಕಿಸಿದರು. ಜುರಾಸಿಕ್ ಪಾರ್ಕ್, ಸ್ಟಾರ್ ವಾರ್ಸ್ ಮತ್ತು ರಾಕಿ, ಈ ಮೂರೂ ಹಳೆಯ ಮನೆಗಳ ಬಾಗಿಲು ಅದೇ ವರ್ಷ ಮತ್ತೆ ತೆರೆದದ್ದರಿಂದ ಇಂಥದೊಂದು ಹೆಸರಿನ ಅಗತ್ಯ ಕಂಡಿತ್ತು. ಬಗೆ ಮಾತ್ರ ಹೆಸರಿಗಿಂತ ಹಳೆಯದು. 1961ರ ‘ದಿ ಹಸ್ಲರ್’ ಚಿತ್ರದಲ್ಲಿ ಬಿಲಿಯರ್ಡ್ಸ್ ಮೇಜಿನ ಮುಂದೆ ನಿಂತಿದ್ದ ಪಾಲ್ ನ್ಯೂಮನ್, ಇಪ್ಪತ್ತೈದು ವರ್ಷಗಳ ನಂತರ 1986ರ ‘ದಿ ಕಲರ್ ಆಫ್ ಮನಿ’ಯಲ್ಲಿ ಅದೇ ಪಾತ್ರವಾಗಿ ಮರಳಿ, ಎಳೆಯನೊಬ್ಬನಿಗೆ ಆಟದ ಒಳಗುಟ್ಟು ಹೇಳಿಕೊಟ್ಟಾಗ ಯಾರೂ ಅದಕ್ಕೆ ಪ್ರತ್ಯೇಕ ಹೆಸರಿಟ್ಟಿರಲಿಲ್ಲ.

ಕನ್ನಡದಲ್ಲಿ ಸೀಕ್ವೆಲ್‌ಗೆ ‘ಮುಂದುವರಿದ ಭಾಗ’ ಎಂದೋ ‘ಉತ್ತರಭಾಗ’ ಎಂದೋ ಬರೆಯುವುದು ರೂಢಿ. ಇವುಗಳಲ್ಲಿ ಎರಡನೆಯದು ನಮ್ಮ ಪದಕ್ಕೆ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ, ಏಕೆಂದರೆ ‘ಉತ್ತರ’ ಎಂದರೆ ನಂತರದ್ದು ಎಂಬುದು ಒಂದು ಅರ್ಥವಾದರೆ ಕೇಳಿದ ಪ್ರಶ್ನೆಗೆ ಕೊಡುವ ಮರುಮಾತು ಎಂಬುದು ಇನ್ನೊಂದು. ಸಾಮಾನ್ಯ ಸೀಕ್ವೆಲ್ ಮೊದಲ ಅರ್ಥದಲ್ಲಷ್ಟೇ ಉತ್ತರಭಾಗ. ಲೆಗಸಿ ಸೀಕ್ವೆಲ್ ಎರಡೂ ಅರ್ಥದಲ್ಲಿ ಆಗಬೇಕಾಗುತ್ತದೆ. ‘ಲೆಗಸಿ’ ಎಂಬುದಕ್ಕೆ ‘ಪರಂಪರೆ’ ಎಂಬ ಅನುವಾದ ಸಲೀಸಾಗಿ ಒದಗುತ್ತದೆಯಾದರೂ ಆ ಪದದಲ್ಲಿ ಗೌರವ ಹೆಚ್ಚು, ತಕರಾರು ಕಡಿಮೆ. ‘ವಾರಸು’ ಎಂಬ ಪದ ಹತ್ತಿರದ್ದು. ಅಪ್ಪನ ಹೊಲ ಮಗನ ಹೆಸರಿಗಾಗುವಾಗ ಹಕ್ಕಿನ ಬೆನ್ನಿಗೇ ಬ್ಯಾಂಕಿನ ಸಾಲವೂ ಬರುತ್ತದೆ, ಪಹಣಿಯಲ್ಲಿ ಋಣಕ್ಕೂ ಒಂದು ಕಲಮು ಇರುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಲೆಗಸಿ ಸೀಕ್ವೆಲ್‌ನ ಕಥೆ ಹುಟ್ಟುವುದು ಬಹುಮಟ್ಟಿಗೆ ಆ ಋಣದ ಕಲಮಿನಿಂದ.

ಪದದ ಅರ್ಥವನ್ನು ಪರೀಕ್ಷಿಸಲು 2018ರ ನವೆಂಬರ್ 21ರಂದು ಅಮೆರಿಕದಲ್ಲಿ ತೆರೆಕಂಡ ‘ಕ್ರೀಡ್ 2’ ಎಂಬ ಬಾಕ್ಸಿಂಗ್ ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಂತೆ ಇಲ್ಲ, ಮತ್ತು ಅದರ ಬಗ್ಗೆ ಪ್ರೇಕ್ಷಕರು ಆಡಿಕೊಂಡ ಮಾತುಗಳು ಚಿತ್ರದಷ್ಟೇ ಉಪಯುಕ್ತ. ಹಿನ್ನೆಲೆ ಸ್ವಲ್ಪ ಹೇಳಬೇಕು. ಸಿಲ್ವೆಸ್ಟರ್ ಸ್ಟಲ್ಲೋನ್ ಬರೆದು ನಟಿಸಿದ, ಜಾನ್ ಅವಿಲ್ಡ್‌ಸನ್ ನಿರ್ದೇಶಿಸಿದ ‘ರಾಕಿ’ 1976ರಲ್ಲಿ ಬಂದು ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಫಿಲಡೆಲ್ಫಿಯಾದ ಬಡ ಬಾಕ್ಸರ್ ರಾಕಿ ಬಾಲ್ಬೋವನ ಎದುರಾಳಿಯಾಗಿ ಕಾರ್ಲ್ ವೆದರ್ಸ್ ನಟಿಸಿದ್ದ ಅಪೋಲೊ ಕ್ರೀಡ್, ಮುಂದಿನ ಭಾಗಗಳಲ್ಲಿ ಅವನ ಗೆಳೆಯನಾದ. 1985ರ ನಾಲ್ಕನೆಯ ಭಾಗದಲ್ಲಿ ಸೋವಿಯತ್ ಬಾಕ್ಸರ್ ಇವಾನ್ ಡ್ರಾಗೋನ ಏಟಿಗೆ ಅಪೋಲೊ ಲಾಸ್ ವೇಗಸ್‌ನ ಅಖಾಡದಲ್ಲೇ ಸತ್ತ, ರಾಕಿ ಮಾಸ್ಕೋಗೆ ಹೋಗಿ ಡ್ರಾಗೋನನ್ನು ಸೋಲಿಸಿದ. ಮೂವತ್ತು ವರ್ಷಗಳ ನಂತರ, 2015ರಲ್ಲಿ, ರಯನ್ ಕೂಗ್ಲರ್ ನಿರ್ದೇಶಿಸಿದ ‘ಕ್ರೀಡ್’ ಅಪೋಲೊನ ಮದುವೆಯಾಚೆಯ ಮಗ ಅಡೋನಿಸ್‌ನನ್ನು ಮೈಕಲ್ ಬಿ. ಜೋರ್ಡನ್ ರೂಪದಲ್ಲಿ ಪರಿಚಯಿಸಿ, ಮುದುಕ ರಾಕಿಯನ್ನು ಅವನ ಗುರುವಾಗಿಸಿತು. ಅದರ ಮುಂದಿನ ಭಾಗವೇ ಸ್ಟೀವನ್ ಕೇಪಲ್ ಜೂನಿಯರ್ ನಿರ್ದೇಶಿಸಿದ ‘ಕ್ರೀಡ್ 2’. ಇದರಲ್ಲಿ ಇವಾನ್ ಡ್ರಾಗೋ, 1985ರಲ್ಲಿ ಇಪ್ಪತ್ತೆಂಟರ ಹರೆಯದಲ್ಲಿ ಆ ಪಾತ್ರ ಮಾಡಿದ್ದ ಡಾಲ್ಫ್ ಲಂಡ್‌ಗ್ರೆನ್ ಅವರ ಅರುವತ್ತೊಂದರ ಮುಖದಲ್ಲೇ, ತನ್ನ ಮಗ ವಿಕ್ಟರ್‌ನನ್ನು ಕರೆದುಕೊಂಡು ಬರುತ್ತಾನೆ. ಅಂದರೆ ಇಲ್ಲಿ ವಾರಸುದಾರರು ಇಬ್ಬರು: ಸತ್ತವನ ಮಗ ಮತ್ತು ಕೊಂದವನ ಮಗ.

ಕಥೆಯನ್ನು ಇಷ್ಟು ಕೇಳಿದವರು ಕೊನೆಯಲ್ಲಿ ಯಾರು ಗೆಲ್ಲುತ್ತಾರೆಂದು ಸುಲಭವಾಗಿ ಊಹಿಸಬಲ್ಲರು. ಚಿತ್ರದ ಬಗ್ಗೆ ಕೇಳಿಬಂದ ದೂರುಗಳಲ್ಲಿ ಇದೇ ಮುಖ್ಯವಾದದ್ದು: ಮೊದಲು ಸೋಲಿನಂಥ ಗೆಲುವು, ನಂತರ ಕುಗ್ಗುವಿಕೆ, ನಂತರ ಮರುಭೂಮಿಯಲ್ಲಿ ಕಠಿಣ ತಾಲೀಮು, ನಂತರ ಮಾಸ್ಕೋದಲ್ಲಿ ಮರುಪಂದ್ಯ, ಎಲ್ಲವೂ ಮೊದಲೇ ಹಾಸಿಟ್ಟ ಹಳಿಯ ಮೇಲೆ ಓಡುತ್ತದೆ ಎಂಬುದು. ದೂರು ಸುಳ್ಳಲ್ಲ. ಕೂಗ್ಲರ್ ಕೈಯಲ್ಲಿ ಮೊದಲ ಚಿತ್ರ ಪಡೆದಿದ್ದ ತಾಜಾತನ, ವಿಶೇಷವಾಗಿ ಇಡೀ ಒಂದು ಪಂದ್ಯವನ್ನು ಕತ್ತರಿಯಿಲ್ಲದೆ ಒಂದೇ ಉಸಿರಿನಲ್ಲಿ ಚಿತ್ರಿಸಿದ್ದ ಬಗೆ, ಎರಡನೆಯದರಲ್ಲಿ ಇಲ್ಲ ಎಂದು ಕೊರಗಿದವರೂ ಬಹಳ ಮಂದಿ. ಇದಕ್ಕೆ ಎದುರಾಗಿ, ಹಳೆಯ ಚಿತ್ರಗಳನ್ನು ನೋಡಿ ಬೆಳೆದವರಲ್ಲಿ ಅನೇಕರು ಮತ್ತೆ ಮತ್ತೆ ಹೇಳಿದ್ದು ಒಂದು ವಿಚಿತ್ರ ಸಂಗತಿ: ತಮ್ಮ ಕಣ್ಣು ತೇವವಾದದ್ದು ಅಡೋನಿಸ್ ಗೆದ್ದಾಗ ಅಲ್ಲ, ಡ್ರಾಗೋ ಸೋಲೊಪ್ಪಿಕೊಂಡಾಗ.

ಈ ಪ್ರತಿಕ್ರಿಯೆಯನ್ನು ಅರ್ಥ ಮಾಡಿಕೊಂಡರೆ ಪದವೂ ಅರ್ಥವಾಗುತ್ತದೆ. 1985ರ ಚಿತ್ರದಲ್ಲಿ ಅಪೋಲೊ ನೆಲಕಚ್ಚುವ ಮೊದಲು ರಾಕಿಯ ಕೈಯಲ್ಲಿ ಒಂದು ಬಿಳಿಯ ಟವೆಲ್ ಇತ್ತು. ಬಾಕ್ಸಿಂಗ್‌ನಲ್ಲಿ ತನ್ನವನು ಇನ್ನು ಏಟು ತಾಳಲಾರ ಎಂದು ಕಂಡಾಗ ಮೂಲೆಯಲ್ಲಿ ನಿಂತವನು ಟವೆಲನ್ನು ಅಖಾಡಕ್ಕೆ ಎಸೆದು ಪಂದ್ಯ ನಿಲ್ಲಿಸುವುದು ರೂಢಿ. ಏನಾದರೂ ಆಗಲಿ, ಪಂದ್ಯ ನಿಲ್ಲಿಸಕೂಡದು ಎಂದು ಅಪೋಲೊ ಮೊದಲೇ ತಾಕೀತು ಮಾಡಿದ್ದ. ರಾಕಿ ಹಿಂಜರಿದ, ಸಮಯಕ್ಕೆ ಎಸೆಯಲಿಲ್ಲ, ಗೆಳೆಯ ಸತ್ತ. ಚಿತ್ರ ಆ ಹಿಂಜರಿಕೆಯ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಸೇಡಿನ ಕಡೆಗೆ ಧಾವಿಸಿತ್ತು, ಏಕೆಂದರೆ ಶೀತಲ ಸಮರದ ದಿನಗಳಲ್ಲಿ ಅಮೆರಿಕದ ಪ್ರೇಕ್ಷಕನಿಗೆ ಅಪರಾಧಪ್ರಜ್ಞೆಗಿಂತ ವಿಜಯ ಬೇಕಾಗಿತ್ತು. ಮೂವತ್ತಮೂರು ವರ್ಷಗಳ ನಂತರ ಅದೇ ಮಾಸ್ಕೋದಲ್ಲಿ ವಿಕ್ಟರ್ ಏಟಿನ ಮೇಲೆ ಏಟು ತಿನ್ನುತ್ತಿರುವಾಗ, ಅವನು ಗೆಲ್ಲುತ್ತಾನೆಂದು ನಂಬಿ ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿ ಎದ್ದು ನಡೆದುಬಿಡುತ್ತಾಳೆ. ಬ್ರಿಗಿಟ್ ನೀಲ್ಸನ್ ಕೂಡ ಹಳೆಯ ಪಾತ್ರಕ್ಕೇ ಮರಳಿದ್ದಾರೆ. ತಂದೆ ಮಗನ ಮುಖ ನೋಡಿ ಟವೆಲ್ ಎಸೆಯುತ್ತಾನೆ. 1985ರಲ್ಲಿ ನಾಯಕನಿಗೆ ಮಾಡಲಾಗದ ಕೆಲಸವನ್ನು ಖಳನಾಯಕ ಮಾಡುತ್ತಾನೆ. ಆ ಚಿತ್ರ ಕೇಳಿ ಮರೆತ ಪ್ರಶ್ನೆಗೆ ಈ ಚಿತ್ರ ಉತ್ತರ ಕೊಟ್ಟಿದೆ, ಅದೂ ಯಾರಿಂದ ನಿರೀಕ್ಷೆಯಿರಲಿಲ್ಲವೋ ಅವನ ಕೈಯಿಂದ.

ಹಳೆಯ ಚಿತ್ರವನ್ನು ನೋಡಿರದವನಿಗೆ ಅದು ಒಬ್ಬ ಅಪ್ಪ ಎಸೆದ ಟವೆಲ್ ಮಾತ್ರ. ನೋಡಿದವನಿಗೆ ಅದರಲ್ಲಿ ಎರಡು ಟವೆಲ್‌ಗಳು ಕಾಣುತ್ತವೆ. ಲೆಗಸಿ ಸೀಕ್ವೆಲ್ ತನ್ನ ಅರ್ಧ ಅರ್ಥವನ್ನು ಪ್ರೇಕ್ಷಕನ ನೆನಪಿನಲ್ಲಿ ಅಡವಿಟ್ಟಿರುತ್ತದೆ; ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ಕೂತವರು ಬೇರೆ ಬೇರೆ ಚಿತ್ರ ನೋಡಿ ಹೊರಬಂದಂತೆ ಮಾತಾಡುವುದಕ್ಕೆ ಇದೇ ಕಾರಣ. ಇಲ್ಲಿ ಒಂದು ಸಣ್ಣ ದೃಶ್ಯವನ್ನೂ ಹೇಳಬೇಕು. ಫಿಲಡೆಲ್ಫಿಯಾದಲ್ಲಿ ರಾಕಿ ತನ್ನ ಹೆಂಡತಿಯ ಹೆಸರಿನಲ್ಲಿ ನಡೆಸುವ ಹೋಟೆಲಿಗೆ ಡ್ರಾಗೋ ಬಂದು ಕೂರುತ್ತಾನೆ, ಗೋಡೆಯ ಮೇಲಿನ ಭಾವಚಿತ್ರಗಳನ್ನು ನೋಡುತ್ತಾನೆ, ಅಲ್ಲಿ ತನ್ನದೊಂದೂ ಇಲ್ಲವೆಂಬುದನ್ನು ಗಮನಿಸುತ್ತಾನೆ. 1985ರ ಆ ಸೋಲಿನಿಂದ ದೇಶ, ಗೌರವ, ಹೆಂಡತಿ ಎಲ್ಲವನ್ನೂ ಕಳೆದುಕೊಂಡದ್ದನ್ನು ಹೇಳುತ್ತಾನೆ. 1985ರಲ್ಲಿ ಈ ಪಾತ್ರಕ್ಕೆ ಇದ್ದ ಮಾತುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು, ಅವನು ಮನುಷ್ಯನಿಗಿಂತ ಯಂತ್ರವೆಂದೇ ಚಿತ್ರಿತನಾಗಿದ್ದ. ಸೋತವನಿಗೂ ಮನೆಯಿತ್ತು, ಸೋಲಿಗೂ ವಾರಸುದಾರನಿದ್ದ ಎಂದು ಕಥೆ ಒಪ್ಪಿಕೊಳ್ಳುವುದು ಈ ಬಗೆಯ ಚಿತ್ರಗಳ ದೊಡ್ಡ ಸಾಧ್ಯತೆ. ವಿಕ್ಟರ್ ಪಾತ್ರ ಮಾಡಿದ, ಸ್ವತಃ ಬಾಕ್ಸರ್ ಆದ ಫ್ಲೋರಿಯನ್ ಮುಂಟೇನು ಅವರಿಗೆ ಇನ್ನಷ್ಟು ಮಾತು, ಇನ್ನಷ್ಟು ದೃಶ್ಯ ಸಿಗಬೇಕಿತ್ತು ಎಂದು ಬಯಸಿದವರ ಜೊತೆ ನಾನೂ ಸೇರುತ್ತೇನೆ. ಅಂದಹಾಗೆ, ಅವಿಲ್ಡ್‌ಸನ್ ಅವರೇ 1984ರಲ್ಲಿ ನಿರ್ದೇಶಿಸಿದ್ದ ‘ದಿ ಕರಾಟೆ ಕಿಡ್’ ಚಿತ್ರದ ಸೋತ ಹುಡುಗನನ್ನು ಕೇಂದ್ರಕ್ಕೆ ತಂದ ‘ಕೋಬ್ರಾ ಕಾಯ್’ ಧಾರಾವಾಹಿ ಆರಂಭವಾದದ್ದೂ ಇದೇ 2018ರಲ್ಲಿ.

ಪ್ರೇಕ್ಷಕರ ಅಭಿಪ್ರಾಯವನ್ನು ಅಳೆಯುವ ವ್ಯವಸ್ಥೆಗಳು ಈ ಒಳಭೇದವನ್ನು ಹಿಡಿಯಲಾರವು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ಮೊದಲ ರಾತ್ರಿ ಚಿತ್ರಮಂದಿರಕ್ಕೆ ಬಂದವರ ಕೈಗೆ ಚೀಟಿ ಕೊಟ್ಟು, ಎ ಪ್ಲಸ್‌ನಿಂದ ಎಫ್‌ವರೆಗಿನ ದರ್ಜೆ ಕೇಳುತ್ತದೆ. 2015ರ ‘ಕ್ರೀಡ್’ ಮತ್ತು 2018ರ ‘ಕ್ರೀಡ್ 2’ ಎರಡಕ್ಕೂ ಸಿಕ್ಕಿದ್ದು ಎ ದರ್ಜೆಯೇ. ವಿಮರ್ಶಕರು ಎರಡನೆಯದನ್ನು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಕೆಳಗಿಟ್ಟರು. ಇದನ್ನು ವಿಮರ್ಶಕ ಮತ್ತು ಸಾಮಾನ್ಯ ಪ್ರೇಕ್ಷಕರ ನಡುವಿನ ಅಭಿರುಚಿಯ ಜಗಳ ಎಂದು ಬರೆದುಬಿಡುವುದು ಸುಲಭ, ಆದರೆ ಮೊದಲ ರಾತ್ರಿಯೇ ಟಿಕೆಟ್ ಕೊಂಡು ಬರುವವರು ಯಾರು ಎಂದು ಯೋಚಿಸಬೇಕು. ಅವರು ಹಳೆಯ ಪರಿಚಯದವರು, ನೆಂಟರ ಮನೆಯ ಮದುವೆಗೆ ಬಂದವರಂತೆ ಊಟದಲ್ಲಿ ಉಪ್ಪು ಕಡಿಮೆಯಾದರೂ ಚೆನ್ನಾಗಿತ್ತು ಎಂದೇ ಹೇಳುವ ಮನಸ್ಸಿನಿಂದ ಬಂದಿರುತ್ತಾರೆ. ಹೀಗಾಗಿ ಲೆಗಸಿ ಸೀಕ್ವೆಲ್‌ಗಳ ಮೊದಲ ದಿನದ ದರ್ಜೆಯನ್ನು ತುಸು ಅನುಮಾನದಿಂದಲೇ ನೋಡುವುದು ಲೇಸು. ಗಳಿಕೆಯ ಲೆಕ್ಕದಲ್ಲಿ ‘ಕ್ರೀಡ್ 2’ ಜಗತ್ತಿನಾದ್ಯಂತ ಸುಮಾರು 21 ಕೋಟಿ ಡಾಲರ್ ತಂದು ಮೊದಲ ಚಿತ್ರವನ್ನು ಮೀರಿಸಿತು.

ನೆರೆಹೊರೆಯ ಪದಗಳಿಂದ ಇದನ್ನು ಬೇರ್ಪಡಿಸಲು ನಮ್ಮದೇ ಚಿತ್ರಗಳು ಸಾಕು. 2004ರ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಮಾಡಿದ್ದ ಮನೋವೈದ್ಯನ ಪಾತ್ರ 2010ರ ‘ಆಪ್ತರಕ್ಷಕ’ದಲ್ಲಿ ಮರಳಿತಾದರೂ ಅದು ಹೊಸ ಸಮಸ್ಯೆ ಎದುರಿಸುವ ಅದೇ ನಾಯಕನ ಕಥೆ, ಹಸ್ತಾಂತರ ಅಲ್ಲಿಲ್ಲ, ಆದ್ದರಿಂದ ಸಾಮಾನ್ಯ ಸೀಕ್ವೆಲ್. 2018ರ ‘ಕೆಜಿಎಫ್’ ಮತ್ತು 2022ರ ಅದರ ಎರಡನೆಯ ಅಧ್ಯಾಯ ಒಂದೇ ಕಥೆಯ ಎರಡು ತುಂಡುಗಳು. ‘ಕಾಂತಾರ’ದ ನಂತರ 2025ರಲ್ಲಿ ಬಂದದ್ದು ಕಥೆಯ ಹಿಂದಿನ ಕಾಲಕ್ಕೆ ಹೋದ ಪ್ರೀಕ್ವೆಲ್, ಪೂರ್ವಭಾಗ. ಹಳೆಯದನ್ನು ಅಳಿಸಿ ಮೊದಲಿನಿಂದ ಶುರುಮಾಡಿದರೆ ರೀಬೂಟ್, ಹಳೆಯ ಕಥೆಯನ್ನೇ ಮತ್ತೆ ಚಿತ್ರಿಸಿದರೆ ರೀಮೇಕ್. ಲೆಗಸಿ ಸೀಕ್ವೆಲ್‌ಗೆ ಬೇಕಾದವು ಕಾಲದ ಅಂತರ, ಅದೇ ನಟನ ಮುಪ್ಪು ಮತ್ತು ಹಸ್ತಾಂತರ. ಇವುಗಳಲ್ಲಿ ಮುಪ್ಪನ್ನು ಯಾವ ಚಿತ್ರತಂಡವೂ ಹಣ ಕೊಟ್ಟು ತಯಾರಿಸಲಾಗದು. ‘ಕ್ರೀಡ್ 2’ ತೆರೆಕಂಡಾಗ ಸ್ಟಲ್ಲೋನ್ ಅವರಿಗೆ 72 ವರ್ಷ; ಆ ಮುಖದ ಸುಕ್ಕುಗಳನ್ನು ಪ್ರೇಕ್ಷಕ 1976ರಿಂದ ಒಂದೊಂದಾಗಿ ನೋಡಿಕೊಂಡು ಬಂದಿದ್ದ.

ಪದವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನು ಮುಂದಿನ ಚಿತ್ರವೇ ಪರೀಕ್ಷೆಗೊಡ್ಡಿತು. ‘ಕ್ರೀಡ್ 2’ರ ಕೊನೆಯಲ್ಲಿ ರಾಕಿ ದೂರವಾಗಿದ್ದ ತನ್ನ ಮಗನ ಮನೆಯ ಬಾಗಿಲು ತಟ್ಟುತ್ತಾನೆ, ಮೊಮ್ಮಗನನ್ನು ಕಾಣುತ್ತಾನೆ, ಅಡೋನಿಸ್ ತಂದೆಯ ಸಮಾಧಿಯ ಮುಂದೆ ಕೂರುತ್ತಾನೆ. ಲೆಕ್ಕ ಚುಕ್ತಾ. 2023ರಲ್ಲಿ ಜೋರ್ಡನ್ ಅವರೇ ನಿರ್ದೇಶಿಸಿದ ‘ಕ್ರೀಡ್ 3’ರಲ್ಲಿ ರಾಕಿ ಕಾಣಿಸಿಕೊಳ್ಳಲೇ ಇಲ್ಲ; ಎದುರಾಳಿಯೂ ಹಳೆಯ ಚಿತ್ರಗಳಿಂದ ಬಂದವನಲ್ಲ, ಅಡೋನಿಸ್‌ನ ಬಾಲ್ಯದಿಂದ ಬಂದವನು. ಮುದುಕನಿಲ್ಲದ ಚಿತ್ರ ಬರಿದೆನಿಸಿತು ಎಂದವರಿದ್ದರು, ಕೊನೆಗೂ ಹುಡುಗನಿಗೆ ಅವನದೇ ಕಥೆ ಸಿಕ್ಕಿತು ಎಂದವರೂ ಇದ್ದರು. ಗಳಿಕೆ ಇನ್ನೂ ಹೆಚ್ಚಿತು, ಸಿನಿಮಾಸ್ಕೋರ್ ದರ್ಜೆ ಎ ಮೈನಸ್‌ಗೆ ಇಳಿಯಿತು. ನನ್ನ ಲೆಕ್ಕದಲ್ಲಿ ಅದು ಲೆಗಸಿ ಸೀಕ್ವೆಲ್ ಅಲ್ಲ. ಪಹಣಿಯ ಋಣದ ಕಲಮು ಖಾಲಿಯಾದ ಮೇಲೆ, ಸ್ವಂತ ಹೆಸರಿನಲ್ಲಿ ಮಾಡಿದ ಮೊದಲ ಬೆಳೆ ಅದು. ಸರಣಿಯಲ್ಲಿ ಮೂರನೆಯದಾದರೂ ಸಾಮಾನ್ಯ ಸೀಕ್ವೆಲ್ ಎಂಬ ಹೆಸರೇ ಅದಕ್ಕೆ ಸಲ್ಲುತ್ತದೆ.