ಕಿಡ್ನಿ ರಿಪೋರ್ಟ್ ತರುವಾಗ ನಿದ್ದೆಯ ವಿಷಯವನ್ನೂ ಹೇಳಿ

ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಪೆಟ್ಟು ಬಿದ್ದವರು ಹೇಳಿಕೊಳ್ಳುವ ತೊಂದರೆಗಳು ಹೆಚ್ಚುಕಮ್ಮಿ ಒಂದೇ. ದಿನವಿಡೀ ಸುಸ್ತು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯಲ್ಲ. ಸುಸ್ತಿಗೆ ರಕ್ತಹೀನತೆ, ಮೂತ್ರಕ್ಕೆ ಸಕ್ಕರೆ, ಬಿಪಿಗೆ ಕಿಡ್ನಿ ಅಂತ ಕಾರಣ ಹಚ್ಚಿಬಿಡುವುದು ವೈದ್ಯರಿಗೂ ಸುಲಭ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಈ ಮೂರೂ ಸ್ಲೀಪ್ ಆಪ್ನಿಯಾದಿಂದ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವುದರಿಂದಲೂ ಬರುತ್ತವೆ.

ಹಾಗಾಗಿ ಜೊತೆಗೆ ಬಂದವರನ್ನು ಕೇಳುತ್ತೇನೆ, 'ಮಲಗಿದಾಗ ಇವರ ಉಸಿರು ನಿಂತ ಹಾಗೆ ಆಗುತ್ತಾ?' ರೋಗಿ 'ನಂಗೇನೂ ಇಲ್ಲ' ಅನ್ನುವಷ್ಟರಲ್ಲಿ ಪಕ್ಕದವರ ಮುಖವೇ ಉತ್ತರ ಕೊಟ್ಟಿರುತ್ತದೆ. ಗೊರಕೆ ಇಲ್ಲ ಅಂದಮಾತ್ರಕ್ಕೆ ಸುಮ್ಮನಾಗುವಂತಿಲ್ಲ. ಕಿಡ್ನಿ ರೋಗಿಗಳಲ್ಲಿ ಗೊರಕೆ ಅಷ್ಟು ಜೋರಾಗಿ ಇಲ್ಲದೆಯೂ ಆಪ್ನಿಯಾ ಇರಬಹುದು.

ಆಗುವುದೇನು? ಗಂಟಲು ಮುಚ್ಚಿಕೊಂಡು 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಗಾಳಿ ಒಳಗೆ ಹೋಗುವುದಿಲ್ಲ. ಆಕ್ಸಿಜನ್ ಇಳಿಯುತ್ತದೆ, ಮೆದುಳು ಬೆಚ್ಚಿ ಎಬ್ಬಿಸುತ್ತದೆ, ಬಿಪಿ ಏರುತ್ತದೆ. ರಾತ್ರಿ ತಗ್ಗಬೇಕಾದ ಬಿಪಿ ತಗ್ಗುವುದೇ ಇಲ್ಲ. ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಚ್ಚಿದ ಗಂಟಲಿನ ಎದುರು ಎದೆ ಉಸಿರೆಳೆಯಲು ಹೆಣಗುವಾಗ ಹೃದಯದ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ಅದು ಒಂದು ಹಾರ್ಮೋನ್ ಬಿಡುತ್ತದೆ. ಮೂತ್ರ ಹೆಚ್ಚುವುದು ಅದರಿಂದ.

ಕಿಡ್ನಿಯೂ ಸುಮ್ನೆ ಇರುವುದಿಲ್ಲ. ಅದು ಹೊರಹಾಕದೆ ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ಕುತ್ತಿಗೆಯ ಕಡೆ ಸರಿದು ಗಂಟಲನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಕಾಲು ಊದಿದವರಲ್ಲಿ ಉಪ್ಪು ಕಡಿಮೆ ಮಾಡಿಸಿ, ನೀರಿಳಿಸುವ ಮಾತ್ರೆಯ ಡೋಸ್ ಸರಿಪಡಿಸುವುದು ಇದೇ ಕಾರಣಕ್ಕೆ.

ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು, ಕುಗ್ಗಿತು ಅಂತ ಎಣಿಸುತ್ತಾರೆ. 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಹೃದಯ ದುರ್ಬಲವಾಗಿದ್ದರೆ ಮನೆಯ ಪರೀಕ್ಷೆಗಿಂತ ಲ್ಯಾಬ್ ಪರೀಕ್ಷೆಯೇ ಮೇಲು. ಅಂಥವರಲ್ಲಿ ಗಂಟಲು ತೆರೆದಿದ್ದರೂ ಮೆದುಳೇ ಉಸಿರಾಡಲು ಹೇಳದಿರಬಹುದು.

ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತೆ ಅಂತ ಇದನ್ನು ಹಾಕಿಕೊಳ್ಳಬೇಡಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ನಿದ್ದೆ, ಹಗಲಿನ ಚುರುಕು, ಬಿಪಿಯಲ್ಲಿ ಒಂದೆರಡು ಪಾಯಿಂಟ್ ಇಳಿಕೆ, ಇಷ್ಟು ನಿರೀಕ್ಷಿಸಬಹುದು. ಎಷ್ಟೋ ಜನರಿಗೆ ರಾತ್ರಿ ಏಳುವುದೂ ಕಡಿಮೆಯಾಗುತ್ತದೆ. ಆದರೆ ಬಳಸಬೇಕಲ್ವಾ? ಸಿಪ್ಯಾಪ್‌ನಿಂದ ಹೃದಯಕ್ಕೆ ಲಾಭವಿದೆಯೇ ಅಂತ ನೋಡಿ 2016ರಲ್ಲಿ ಪ್ರಕಟವಾದ ಸೇವ್ ಎಂಬ ಅಧ್ಯಯನದಲ್ಲಿ ಸರಾಸರಿ ಬಳಕೆ ರಾತ್ರಿಗೆ ಸುಮಾರು 3.3 ಗಂಟೆ ಮಾತ್ರ, ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ನಮ್ಮ ರೋಗಿಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೂತ್ರಕ್ಕೆ ಎದ್ದಾಗ ಮಾಸ್ಕ್ ತೆಗೆಯುತ್ತಾರೆ, ವಾಪಸ್ ಹಾಕುವುದೇ ಇಲ್ಲ. ಕೊಳವೆಯನ್ನಷ್ಟೇ ಕಳಚಿ, ಮಾಸ್ಕ್ ಮುಖದ ಮೇಲೇ ಇರಲಿ. ಮೂಗು ಒಣಗಿದರೆ ಯಂತ್ರದ ತೇವಾಂಶ ಹೆಚ್ಚಿಸಿ.

ಬೊಜ್ಜು ಇದ್ದವರಿಗೆ ತೂಕ ಇಳಿಸುವುದೂ ಚಿಕಿತ್ಸೆಯೇ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಬೊಜ್ಜಿನ ಜೊತೆಗಿನ ಆಪ್ನಿಯಾಕ್ಕಾಗಿ ಅಮೆರಿಕದಲ್ಲಿ ಡಿಸೆಂಬರ್ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಿಂದ ವಾಂತಿ, ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು, ಹಾಗಾದಾಗ ತಡಮಾಡದೆ ಫೋನ್ ಮಾಡಿ. ಇನ್ಸುಲಿನ್ ಡೋಸನ್ನೂ ತಗ್ಗಿಸಬೇಕಾಗಬಹುದು.

ಮುಂದಿನ ಸಲ ಬರುವಾಗ ನುಂಗುವ ಎಲ್ಲ ಮಾತ್ರೆಗಳನ್ನೂ ತನ್ನಿ. ಪಾದದ ಉರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕಿಡ್ನಿ ಸೋತಾಗ ಮೈಯಲ್ಲೇ ಉಳಿದು ಮಂಪರು ಹೆಚ್ಚಿಸಿ, ಉಸಿರನ್ನೂ ಕುಗ್ಗಿಸಬಲ್ಲವು. ನಿದ್ದೆ ಮಾತ್ರೆ ಸೇರಿದರೆ ಇನ್ನೂ ಕಷ್ಟ. ತಾವಾಗಿ ನಿಲ್ಲಿಸಬೇಡಿ, ಡೋಸ್ ನಾವು ನೋಡಿ ಇಳಿಸುತ್ತೇವೆ.